ಬಿ.ಎಸ್.ಎನ್.ಎಲ್. ಮೊಬೈಲು: ಬೆಳೆಗಾರರು ತಿಳಿದಿರಬೇಕಾದ ವಿಷಯಗಳು



ಕೊಳೆರೋಗಕ್ಕೆ ಔಷಧಿ ಹೊಡೆಯುವ ಮುನ್ನ ಹವಾಮಾನ ವರದಿ, ಅಡಿಕೆ ಕಾಫಿಗಳ ಧಾರಣೆ, ಬ್ಯಾಂಕಿನ ಓ.ಟಿ.ಪಿ., ಅಪರಾತ್ರಿಯಲ್ಲಿ ಆಂಬುಲೆನ್ಸ್, ಇವೆಲ್ಲಕ್ಕೂ ಇಂದು ಮೊಬೈಲೇ ಆಧಾರ. ಆದ್ದರಿಂದ ಸರ್ಕಾರಿ ಸ್ವಾಮ್ಯದ ಬಿ.ಎಸ್.ಎನ್.ಎಲ್. ಸಂಸ್ಥೆಯ ಹಿನ್ನೆಲೆಯನ್ನೂ ಟವರ್ ಕೆಲಸ ಮಾಡುವ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಹಳ್ಳಿಗೆ ದೂರವಾಣಿ ಬಂದ ಕಥೆಯಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಗ್ರಾಮಾಂತರಕ್ಕೆಂದೇ ರೂಪಿಸಿದ ಪುಟ್ಟ ಸ್ವಯಂಚಾಲಿತ ವಿನಿಮಯ ಕೇಂದ್ರವು ಮೊಟ್ಟಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಆಗ ದೂರವಾಣಿ ಸರ್ಕಾರದ ಇಲಾಖೆಯ ಕೈಯಲ್ಲಿತ್ತು. 2000ದ ಅಕ್ಟೋಬರ್ 1ರಂದು ಆ ಸೇವೆಯನ್ನು ವಹಿಸಿಕೊಂಡು ಬಿ.ಎಸ್.ಎನ್.ಎಲ್. ಹುಟ್ಟಿತು.

ದೇಶದಲ್ಲಿ ಮೊಬೈಲು ಬಂದದ್ದು 1995ರಲ್ಲಿ. ಈ ಸಂಸ್ಥೆಯ ಮೊಬೈಲು ಸೇವೆ ಶುರುವಾದದ್ದು 2002ರ ಅಕ್ಟೋಬರಿನಲ್ಲಿ. ಮುಂದೆ 4ಜಿ ವಿಷಯದಲ್ಲೂ ಖಾಸಗಿ ಕಂಪನಿಗಳಿಗಿಂತ ಬಹಳ ಹಿಂದೆ ಬಿದ್ದಿತು. ನಷ್ಟ ಹೆಚ್ಚಾಗಿ, 2019ರಲ್ಲಿ ಕೇಂದ್ರ ಸರ್ಕಾರ ಪುನಶ್ಚೇತನ ಯೋಜನೆ ಪ್ರಕಟಿಸಿತು. ಸುಮಾರು 78,000 ನೌಕರರು ಸ್ವಯಂ ನಿವೃತ್ತಿ ಪಡೆದರು. ಕೊನೆಗೆ 2025ರ ಸೆಪ್ಟೆಂಬರ್ 27ರಂದು, ಸ್ವದೇಶೀ ಉಪಕರಣಗಳಿಂದಲೇ ಕಟ್ಟಿದ 4ಜಿ ಜಾಲ ಉದ್ಘಾಟನೆಗೊಂಡಿತು. ಅದರ ರೇಡಿಯೋ ಉಪಕರಣಗಳನ್ನು ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್.

ಟವರ್ ಎಂದರೆ ಬರಿಯ ಕಬ್ಬಿಣದ ಗೋಪುರವಲ್ಲ. ಯಾವ ಕಂಪನಿಯದೇ ಇರಲಿ, ಅದಕ್ಕೆ ಎರಡು ಆಹಾರ ಬೇಕು: ವಿದ್ಯುತ್ತು, ಮತ್ತು ಕರೆಗಳನ್ನು ಹೊತ್ತೊಯ್ಯುವ ಕೇಬಲ್ ಅಥವಾ ಮೈಕ್ರೋವೇವ್ ಸಂಪರ್ಕ. ಕರೆಂಟು ಹೋದರೆ ಬ್ಯಾಟರಿ ಕೆಲವು ಗಂಟೆ ನಡೆಸುತ್ತದೆ. ಅದು ಸವೆದಿದ್ದು, ಜನರೇಟರಿಗೆ ಡೀಸೆಲ್ಲೂ ಇಲ್ಲದಿದ್ದರೆ ಟವರ್ ಸ್ತಬ್ಧ. ಇನ್ನು ಕರೆಂಟು ಇದ್ದೂ, ಸಿಗ್ನಲ್ ತೋರಿಸಿಯೂ ಕರೆ ಹೋಗದಿದ್ದರೆ, ಎಲ್ಲೋ ಕೇಬಲ್ ತುಂಡಾಗಿರುವ ಸಂಭವ ಹೆಚ್ಚು. ದೂರು ಕೊಡುವಾಗ ಈ ವ್ಯತ್ಯಾಸವನ್ನು ತಿಳಿಸಿದರೆ ದುರಸ್ತಿ ಬೇಗ ಆದೀತು.

ಸದಸ್ಯರು ಗಮನಿಸಬೇಕಾದ್ದು:

1. ಹಳೆಯ 2ಜಿ, 3ಜಿ ಸಿಮ್ ಇದ್ದವರು 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳಬೇಕು. ನಂಬರು ಬದಲಾಗುವುದಿಲ್ಲ.

2. 700 ಮೆಗಾಹರ್ಟ್ಸ್‌ನಂತಹ ಕೆಳ ತರಂಗಾಂತರದ ಸಿಗ್ನಲ್ ಹೆಚ್ಚು ದೂರ ಹೋಗುತ್ತದೆ, ಮರಗಳ ನಡುವೆಯೂ ಮೇಲು. ಹೊಸ ಫೋನು ಕೊಳ್ಳುವಾಗ ಅದು ಈ ಬ್ಯಾಂಡನ್ನು ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿರಿ.

3. ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕು.

4. ಸೇವೆ ಸರಿಯಿಲ್ಲವೆಂದು ರೀಚಾರ್ಜ್ ನಿಲ್ಲಿಸಿ ನಂಬರನ್ನು ಸಾಯಲು ಬಿಡಬೇಡಿರಿ. ಬ್ಯಾಂಕ್ ಖಾತೆ ಆ ನಂಬರಿಗೇ ಜೋಡಣೆಯಾಗಿರುತ್ತದೆ. ನಂಬರು ಮುಂದೆ ಬೇರೆಯವರ ಪಾಲಾಗಬಹುದು. ಬೇಕಿದ್ದರೆ 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿ, ಅದೇ ನಂಬರಿನೊಡನೆ ಬೇರೆ ಕಂಪನಿಗೆ ಹೋಗುವ ಅವಕಾಶ 2011ರಿಂದ ದೇಶಾದ್ಯಂತ ಇದೆ.

ಒಂದೇ ಟವರಿನ ವ್ಯಾಪ್ತಿಯಲ್ಲಿರುವ ಸದಸ್ಯರು ತಮ್ಮ ದೂರುಗಳನ್ನು ಸಂಖ್ಯೆ, ದಿನಾಂಕ ಸಹಿತ ಸಂಘದ ಕಚೇರಿಗೆ ಬರೆದುಕೊಟ್ಟಲ್ಲಿ, ಒಟ್ಟಾಗಿ ಮನವಿ ಸಲ್ಲಿಸಲು ಅನುಕೂಲವಾಗುತ್ತದೆ.

— ಕಾರ್ಯದರ್ಶಿ