ಹೊರಗೆ ಹೋಗೋದು ಸುಲಭ, ಒಳಗೆ ಬರೋದು?

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ 19 ಅಡಿಯ ಹಳೇ ದೋಣಿಯೊಂದನ್ನು ಕೊಂಡೆ. ಔಟ್‌ಬೋರ್ಡ್ ಎಂಜಿನ್, ನೀರಿನ ಆಳ ಮತ್ತು ಮೀನು ತೋರಿಸುವ ಪುಟ್ಟ ಸ್ಕ್ರೀನ್, ನಾಲ್ಕು ಸೀಟು. ಕೊಂಡ ವಾರವೇ ಒಂದು ಎಕ್ಸೆಲ್ ಶೀಟೂ ರೆಡಿಯಾಯಿತು. ದೋಣಿಯನ್ನು ಯಾವ ಮರೀನಾದಲ್ಲಿ ಕಟ್ಟಬೇಕು ಅನ್ನೋದಕ್ಕೆ ಒಟ್ಟು 14 ಕಾಲಂ. ಬಾಡಿಗೆ, ಮನೆಯಿಂದ ದೂರ, ಟಾಯ್ಲೆಟ್ ಹೇಗಿದೆ, ವೈಫೈ ಇದೆಯಾ, ಮೀನು ಹೆಚ್ಚೋಕೆ ಕಟ್ಟೆ ಇದೆಯಾ... ಪ್ರತಿಯೊಂದಕ್ಕೂ ಇಷ್ಟಿಷ್ಟು ತೂಕ, ಕೊನೆಗೆ ಒಂದು ಸ್ಕೋರ್. ಸಾಫ್ಟ್‌ವೇರ್‌ನವರ ಚಾಳಿ, ಬಿಡಿ.

ನಾನಿರೋದು ಅಮೆರಿಕದ ಕ್ಲೀವ್‌ಲ್ಯಾಂಡ್ ಹತ್ತಿರ. ಊರಿನ ಉತ್ತರಕ್ಕೆ ಈರಿ ಸರೋವರ. ಸರೋವರ ಅಂದಾಕ್ಷಣ ನಮ್ಮ ಕೆರೆ ನೆನಪಾದರೆ ತಪ್ಪಾಗುತ್ತೆ. ಉದ್ದ ಸುಮಾರು 388 ಕಿಲೋಮೀಟರ್, ಅಗಲ 90ರ ಮೇಲೆ. ಎದುರು ದಡ ಕೆನಡಾ, ಕಣ್ಣಿಗೆ ಕಾಣೋದಿಲ್ಲ. ಇಲ್ಲಿ ಎಲ್ಲರೂ ಹಿಂದೆ ಬೀಳೋದು ವಾಲೈ ಅನ್ನೋ ಮೀನಿಗೆ. ಮುಳ್ಳು ಕಮ್ಮಿ, ಬಿಳಿ ಮಾಂಸ. ರವೆ ಹಚ್ಚಿ ಹುರಿದರೆ ನಮ್ಮ ಕಾಣೆ ಮೀನು ನೆನಪಾಗುತ್ತೆ. ನಾನು ಕುಂದಾಪುರ ಕಡೆಯವನು, ಮೀನಿನ ವಿಷಯದಲ್ಲಿ ಸುಮ್ಮನೆ ಹೊಗಳುವವನಲ್ಲ.

ಮರೀನಾ ಅಂದರೆ ದೋಣಿಗಳ ಪಾರ್ಕಿಂಗ್ ಲಾಟ್ ಅಂದುಕೊಳ್ಳಿ. ಒಂದೊಂದು ದೋಣಿ ನಿಲ್ಲುವ ಜಾಗಕ್ಕೆ ಸ್ಲಿಪ್ ಅನ್ನುತ್ತಾರೆ. ಚಳಿಗಾಲದಲ್ಲಿ ದಡದ ನೀರು ಹೆಪ್ಪುಗಟ್ಟೋದರಿಂದ ಸೀಸನ್ ಹೆಚ್ಚುಕಮ್ಮಿ ಮೇನಿಂದ ಅಕ್ಟೋಬರ್‌ವರೆಗೆ. ಆಮೇಲೆ ದೋಣಿ ಮೇಲೆತ್ತಿ ಪ್ಲಾಸ್ಟಿಕ್ ಸುತ್ತಿ ಇಡಬೇಕು. ಟ್ರೇಲರ್‌ನಲ್ಲಿ ಎಳ್ಕೊಂಡು ಹೋಗಿ ಪ್ರತಿಸಲ ನೀರಿಗಿಳಿಸುವವರೂ ಇದ್ದಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ರೇಲರ್ ನಿಲ್ಲಿಸೋಕೆ ಬಿಡಲ್ಲ, ಹಾಗಾಗಿ ಸ್ಲಿಪ್ ಬೇಕೇ ಬೇಕಿತ್ತು.

ಊರಿನಲ್ಲಿ ಸೋದರಮಾವ ಗಂಗೊಳ್ಳಿಯಿಂದ ಕಡಲಿಗೆ ಹೋಗುತ್ತಿದ್ದವರು. ವಿಡಿಯೋ ಕಾಲ್‌ನಲ್ಲಿ ಶೀಟ್ ತೋರಿಸಿ ಎಲ್ಲಾ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅದೆಲ್ಲ ಇರ್ಲಿ ಮಗಾ, ಅಳಿವೆ ಬಾಯಿ ಯಾವ ಬದಿಗಿತ್ತ್?" ಅಂದರು. ಅಳಿವೆ ಅಂದರೆ ನದಿ ಕಡಲು ಸೇರುವ ಜಾಗ. ಮರಳು ತುಂಬಿ, ಅಲೆ ಮುರಿದು, ದೋಣಿಗಳಿಗೆ ಅಪಾಯವಾಗೋದು ಹೆಚ್ಚಾಗಿ ಅಲ್ಲೇ. "ಇದು ಕಡಲಲ್ಲ ಮಾವ, ಲೇಕು" ಅಂದೆ. "ಹೊರಗ್ ಹೋಪುದು ಸುಲಭ, ಒಳಗ್ ಬಪ್ಪುದೇ ಕಷ್ಟ" ಅಂತ ಹೇಳಿ ಫೋನ್ ಅತ್ತೆ ಕೈಗೆ ಕೊಟ್ಟರು.

ನನ್ನ 14 ಕಾಲಂನಲ್ಲಿ ಅಳಿವೆಗೆ ಒಂದೂ ಇರಲಿಲ್ಲ.

ಶೀಟ್‌ನಲ್ಲಿ ಗೆದ್ದಿದ್ದು ಹಳ್ಳವೊಂದರ ಒಳಗಿದ್ದ ಚಿಕ್ಕ ಮರೀನಾ. ಸೀಸನ್‌ಗೆ 1,400 ಡಾಲರ್. ಪಶ್ಚಿಮಕ್ಕೆ 120 ಕಿಲೋಮೀಟರ್ ದೂರದ ಪೋರ್ಟ್ ಕ್ಲಿಂಟನ್ ಕಡೆಯೂ ನೋಡಿದ್ದೆ. ಮೊಟ್ಟೆ ಇಡುವ ಕಾಲಕ್ಕೆ ವಾಲೈಗಳು ಸರೋವರದ ಪಶ್ಚಿಮ ಭಾಗದಲ್ಲಿ ಸೇರುತ್ತವೆ. ಹಾಗಾಗಿ ವಸಂತದಲ್ಲಿ ಆ ಕಡೆಯವರಿಗೆ ಹಬ್ಬ. ಆದರೆ ನೀರು ಬಿಸಿಯಾದಂತೆ ದೊಡ್ಡ ಮೀನುಗಳು ಪೂರ್ವಕ್ಕೆ, ಆಳದ ನೀರಿಗೆ ಹೊರಡುತ್ತವೆ. ನನಗೆ ರಜೆ ಸಿಗೋದು ಬೇಸಿಗೆಯಲ್ಲಿ. ಹಾಗಾಗಿ ನಡುವಿನ ದಡವೇ ಸರಿ ಅಂದುಕೊಂಡೆ. ಆ ಲೆಕ್ಕ ತಪ್ಪಿರಲಿಲ್ಲ. ಜುಲೈಯಲ್ಲಿ ಹೋದಾಗಲೆಲ್ಲ ಮೀನು ಸಿಕ್ಕಿತು.

ಸೆಪ್ಟೆಂಬರ್‌ನ ಒಂದು ಶನಿವಾರ ಹೆಂಡತಿ, ಆಫೀಸಿನ ಗೆಳೆಯ, ನಾನು ಹೊರಟೆವು. ಬೆಳಿಗ್ಗೆ ನೈಋತ್ಯದಿಂದ ಗಾಳಿ. ಅಂದರೆ ದಡದಿಂದ ನೀರಿನ ಕಡೆಗೆ ಬೀಸೋದು. ದಡದ ಹತ್ತಿರ ನೀರು ಕನ್ನಡಿ ಥರ ಇರುತ್ತೆ, ಮೋಸ ಹೋಗೋದೇ ಹೀಗೆ. ಸಂಜೆ ಗಾಳಿ ಉತ್ತರಕ್ಕೆ ತಿರುಗುತ್ತೆ ಅಂತ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲೇ ಇತ್ತು, ಓದಿಯೂ ಇದ್ದೆ. ಅಷ್ಟರಲ್ಲಿ ಬಂದುಬಿಡೋಣ ಅಂತ. ನಾಲ್ಕು ಗಂಟೆಗೇ ತಿರುಗಿತು.

ಈರಿ ಸರೋವರದ ಸರಾಸರಿ ಆಳ ಬರೀ 19 ಮೀಟರ್. ಸುಪೀರಿಯರ್ ಸರೋವರಕ್ಕೆ ಹೋಲಿಸಿದರೆ ತಟ್ಟೆ ಇದ್ದ ಹಾಗೆ, ಅಲ್ಲಿ 147. ಆಳ ಇಲ್ಲದ ನೀರಿನಲ್ಲಿ ಗಾಳಿ ಬಿದ್ದರೆ ಅಲೆಗಳು ಬೇಗ ಏಳುತ್ತವೆ, ಒಂದರ ಬೆನ್ನಿಗೊಂದು ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಒಂದು ಅಲೆ ಇಳಿದು ಮೂತಿ ಎತ್ತುವಷ್ಟರಲ್ಲಿ ಮುಂದಿನದು ಬಂದಿರುತ್ತೆ. ಒಂದು ಗಂಟೆಯೊಳಗೆ ಮೂರು ನಾಲ್ಕು ಅಡಿಯ ಅಲೆ.

ನಮ್ಮ ಹಳ್ಳದ ಬಾಯಿ ಇದ್ದಿದ್ದು ನೇರ ಉತ್ತರಕ್ಕೆ. ಎರಡು ಬದಿಗೆ ಮೋಟು ಕಲ್ಲಿನ ಕಟ್ಟೆ, ನಡುವೆ ಇಕ್ಕಟ್ಟು ದಾರಿ, ಬಾಯಲ್ಲೇ ಮರಳ ದಿಬ್ಬ. ಅಲೆಗಳೆಲ್ಲ ಅದರ ಮೇಲೇ ಬಂದು ಮುರೀತಾ ಇದ್ದವು. ಆದರೂ ನುಗ್ಗಿಸಿದೆ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗ ಎತ್ತಿತು, ಸ್ಟೇರಿಂಗ್ ಕೈ ಮಾತು ಕೇಳಲಿಲ್ಲ, ದೋಣಿ ಅಡ್ಡ ತಿರುಗತೊಡಗಿತು. ಅಲೆ ಇಳಿದಾಗ ಆಳದ ಮೀಟರ್ 2 ಅಡಿ ಅಂತು. ಎಂಜಿನ್ನಿನ ಕಾಲು ಮರಳಿಗೆ ತಾಗಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಎರಡು ಅಲೆಗಳ ನಡುವೆ ಹೇಗೋ ತಿರುಗಿಸಿ ಮತ್ತೆ ಹೊರಗೆ ಓಡಿಸಿದೆ. ಜಾಣತನ ಏನೂ ಇಲ್ಲ, ಅದೃಷ್ಟ.

ಅಲ್ಲಿಂದ ದಡಕ್ಕೆ ಹತ್ತಿರ ಹೋಗದೆ ಒಂದು ಗಂಟೆ ಒದ್ದಾಡಿ ಲೊರೈನ್ ಸೇರಿದೆವು. ಹಿಂದೆ ಹಡಗು ಕಟ್ಟುತ್ತಿದ್ದ ಊರು. ಬ್ಲ್ಯಾಕ್ ನದಿಯ ಬಾಯಿಗೆ ಅಡ್ಡಲಾಗಿ ನೀರಿನಲ್ಲೇ ಉದ್ದುದ್ದ ಅಲೆತಡೆ ಕಟ್ಟಿದ್ದಾರೆ, ಜೊತೆಗೆ 1917ರ ದೀಪಸ್ತಂಭ. ಅಲೆತಡೆಯ ಒಳಗೆ ಬಂದ ಕೂಡಲೇ ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಅಲೆ ನಿಂತಿತು. ಅಲ್ಲಿವರೆಗೆ ಒಂದು ಮಾತೂ ಆಡದೆ ಕಂಬಿ ಹಿಡಿದು ಕೂತಿದ್ದ ಹೆಂಡತಿ, "ಮುಂದಿನ ವರ್ಷ ಜಾಗ ನಾನು ನೋಡ್ತೀನಿ" ಅಂದಳು.

ನೋಡಿದ್ದು ಅವಳೇ. ಎಕ್ಸೆಲ್ ಶೀಟ್ ಮುಟ್ಟಲಿಲ್ಲ. ಅಕ್ಟೋಬರ್‌ನಲ್ಲಿ ಉತ್ತರದ ಗಾಳಿ ಇರೋ ದಿನ ನೋಡಿ, "ನಡಿ, ಇವತ್ತು ಹೋಗೋಣ" ಅಂತ ಕಾರು ತೆಗೆದಳು. ಬಿಸಿಲಿನ ಭಾನುವಾರ ಎಲ್ಲಾ ಮರೀನಾಗಳೂ ಚೆನ್ನಾಗೇ ಕಾಣುತ್ತವೆ. ಗಾಳಿ ದಿನ ದಡದಲ್ಲಿ ಅರ್ಧ ಗಂಟೆ ನಿಂತರೆ ಅಲೆ ಎಲ್ಲಿ ಮುರಿಯುತ್ತೆ, ದೋಣಿಗಳು ಹೇಗೆ ಒಳಗೆ ಬರುತ್ತವೆ ಎಲ್ಲಾ ಗೊತ್ತಾಗುತ್ತೆ. ಅಕ್ಟೋಬರ್‌ಗೆ ಇನ್ನೊಂದು ಲಾಭ. ಈ ಸರೋವರದಲ್ಲಿ ನೀರಿನ ಮಟ್ಟ ಜೂನ್ ಸುಮಾರಿಗೆ ಹೆಚ್ಚಿದ್ದು, ಆಮೇಲೆ ಇಳಿಯುತ್ತಾ ಹೋಗುತ್ತೆ. ಜೂನ್‌ನಲ್ಲಿ ನೋಡಿದ ಆಳ ನಂಬಿ ಸ್ಲಿಪ್ ಹಿಡಿದರೆ ಶರತ್ಕಾಲದಲ್ಲಿ ಕೆಸರಲ್ಲಿ ಕೂರಬೇಕಾಗಬಹುದು. ಸರೋವರದ ಪಶ್ಚಿಮ ತುದಿಯಲ್ಲಂತೂ ಇನ್ನೂ ಫಜೀತಿ. ನೈಋತ್ಯದ ಜೋರು ಗಾಳಿ ನೀರನ್ನೆಲ್ಲ ಪೂರ್ವದ ಬಫಲೋ ಕಡೆಗೆ ತಳ್ಳಿ, ಒಂದೇ ದಿನದಲ್ಲಿ ಹಲವು ಅಡಿ ನೀರು ಇಳಿದುಬಿಡೋದೂ ಉಂಟು.

ಅವಳು ಆಫೀಸಿನವರನ್ನು ಕೇಳಿದ್ದಕ್ಕಿಂತ ದೋಣಿ ತೊಳೀತಾ ಇದ್ದ ಮುದುಕರನ್ನು ಕೇಳಿದ್ದೇ ಹೆಚ್ಚು. "ನಾಲ್ಕಡಿ ಅಲೆ ಇದ್ದಾಗ ನೀವು ಇದೇ ಬಾಯಲ್ಲಿ ಒಳಗೆ ಬರ್ತೀರಾ?" ಒಂದು ಕಡೆ ಒಬ್ಬರು ನಕ್ಕು, ಆವತ್ತು ನಾನು ಮನೇಲಿ ಟೀವಿ ನೋಡ್ತೀನಿ ಅಂದರು. ಆ ಮರೀನಾ ಅಲ್ಲಿಗೇ ಲಿಸ್ಟ್‌ನಿಂದ ಹೋಯಿತು. ರಾತ್ರಿ ಬಾಯಲ್ಲಿ ದೀಪ ಉರಿಯುತ್ತಾ ಅಂತಲೂ ನೋಡಿದಳು. ಒಳಗೆ ಬರುವಾಗ ಬಲಕ್ಕೆ ಕೆಂಪು, ಎಡಕ್ಕೆ ಹಸಿರು ಇರಬೇಕು. 1982ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಇಂಥ ದೋಣಿ ಓಡಿಸಬೇಕಾದರೆ ಒಹಾಯೋದಲ್ಲಿ ಕೋರ್ಸ್ ಕಡ್ಡಾಯ. ಅದರಲ್ಲಿ ಇದನ್ನು ನಾನು ಓದಿ ಪಾಸಾಗಿದ್ದೆ. ಜಾಗ ಆರಿಸುವಾಗ ನೆನಪೇ ಆಗಿರಲಿಲ್ಲ.

ಉಳಿದವು ಕಾಗದದ ವಿಷಯ, ಆದರೂ ಕೇಳಿಕೊಳ್ಳಿ. ಬಾಡಿಗೆ ದೋಣಿಯ ಉದ್ದಕ್ಕೋ ಸ್ಲಿಪ್‌ನ ಉದ್ದಕ್ಕೋ? ಹೆಚ್ಚಿನವರು ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಹಾಕುತ್ತಾರೆ. ಚಳಿಗಾಲದಲ್ಲಿ ಎತ್ತಿಡೋದು ಅದರಲ್ಲೇ ಸೇರಿದೆಯಾ? ಇನ್ಶೂರೆನ್ಸ್ ಎಷ್ಟರದ್ದು ಕೇಳ್ತಾರೆ? ವೈಫೈ ಬಗ್ಗೆ ಯೋಚಿಸಬೇಡಿ.

ಕೊನೆಗೆ ಹಿಡಿದಿದ್ದು ಲೊರೈನ್‌ನಲ್ಲೇ, ನದಿಯೊಳಗೆ. 2,100 ಡಾಲರ್, ಹಳೇದರ ಒಂದೂವರೆ ಪಟ್ಟು. ಮೀನಿರೋ ಜಾಗಕ್ಕೆ ಮೊದಲಿಗಿಂತ 20 ನಿಮಿಷ ಜಾಸ್ತಿ, ಪೆಟ್ರೋಲೂ ಜಾಸ್ತಿ. ಹೊಟ್ಟೆ ಉರಿಯೋದಂತೂ ಹೌದು. ಆದರೆ ಈ ಸೀಸನ್‌ನಲ್ಲಿ ಎರಡು ಸಲ ಗಾಳಿ ತಿರುಗಿ ಓಡಿ ಬಂದಿದ್ದೇವೆ. ಎರಡೂ ಸಲ ಅಲೆತಡೆಯ ಒಳಗೆ ಬಂದ ಮೇಲೆ ಹೆಂಡತಿ ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಿದಳು.

ಕಳೆದ ವಾರ ಡಾಕ್ ಮೇಲಿಂದಲೇ ಮಾವನಿಗೆ ವಿಡಿಯೋ ಕಾಲ್ ಮಾಡಿ ಫೋನ್ ತಿರುಗಿಸಿ ತೋರಿಸಿದೆ. ಅಲೆತಡೆ, ನದಿಯ ಬಾಯಿ, ಕೆಂಪು ದೀಪ, ಹಸಿರು ದೀಪ. ಸುಮಾರು ಹೊತ್ತು ನೋಡಿ, "ಹಾಂ, ಅಡ್ಡಿಲ್ಲ" ಅಂದರು. ಆಮೇಲೆ, "ಮೀನ್ ಎಷ್ಟ್ ಸಿಕ್ತ್?"

"ಆರು, ಮಾವ."

"ಅಷ್ಟೇಯಾ?"

"ದಿನಕ್ಕೆ ಒಬ್ಬರಿಗೆ ಆರೇ. 15 ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ಬಿಡಬೇಕು. ಇಲ್ಲಿನ ಕಾನೂನು."

ಮಾವ ಅತ್ತೆಯನ್ನು ಕರೆದು ಇದನ್ನೂ ಹೇಳಿದರು. ಇಬ್ಬರೂ ನಗೋದು ಕೇಳಿಸಿತು.