ಕಾವೇರಿಯ ದಡದಲ್ಲಿ ಮನೆಮಂದಿಯೊಡನೆ ಕಾಲ್ನಡಿಗೆ

ನಡೆಯುವುದೆಂದರೆ ನಮ್ಮಲ್ಲಿ ಅನೇಕರಿಗೆ ಬಸ್ಸು ತಪ್ಪಿದಾಗ ಮಾಡಬೇಕಾದ ಕೆಲಸ. ಇಲ್ಲವೇ ಡಾಕ್ಟರು ಹೇಳಿದರೆಂದು ಬೆಳಗಿನ ಹೊತ್ತು ಮೈದಾನ ಸುತ್ತುವ ಕೆಲಸ. ಅಜ್ಜಿಯಿಂದ ಹಿಡಿದು ಒಂದನೆಯ ತರಗತಿಯ ಮಗುವಿನವರೆಗೆ ಮನೆಮಂದಿಯೆಲ್ಲ ಸೇರಿ, ನೀರಿನ ದಡದಲ್ಲಿ ಒಂದೆರಡು ಮೈಲಿ ಅಡ್ಡಾಡಿ ಬರುವುದೂ ಒಂದು ವಿಹಾರವೆಂದು ನಾವು ಎಣಿಸುವುದು ಕಡಿಮೆ. ದೇವರ ಹರಕೆಗೆ ನಡೆಯುತ್ತೇವೆ, ಬರಿಯ ಸಂತೋಷಕ್ಕೆ ನಡೆಯುವುದಿಲ್ಲ.

ಸ್ಕಾಟ್‌ಲೆಂಡಿನಲ್ಲಿ ಈ ರೂಢಿ ಬಲವಾಗಿದೆ. ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಕಡಲು ಬೆಟ್ಟಗಳ ನಡುವೆ ಕೈಬೆರಳುಗಳಂತೆ ಒಳಕ್ಕೆ ಚಾಚಿಕೊಂಡಿದೆ. ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆಗಳಿಗೆ ಆಮೇಲೆ ಸಮುದ್ರದ ನೀರು ತುಂಬಿ ಇವು ಉಂಟಾದುವು. ಅಲ್ಲಿಯವರು ಇವನ್ನು ‘ಲಾಖ್’ ಎನ್ನುತ್ತಾರೆ. ಲಾಖ್ ಫೈನ್ ಎಂಬುದು ಸುಮಾರು 65 ಕಿಲೋಮೀಟರ್ ಉದ್ದವಿದೆ. ಇಂತಹ ದಡಗಳಲ್ಲಿ ಸಂಸಾರಸಮೇತ ನಡೆದು, ಬುತ್ತಿ ಬಿಚ್ಚಿ ತಿಂದು ಬರುವುದು ಅಲ್ಲಿನವರ ರಜಾದಿನದ ಪದ್ಧತಿ. ಆದರೆ ಹೊರಡುವ ಮುನ್ನ ಬಲ್ಲವರು ಒಂದು ಪಟ್ಟಿಯನ್ನು ನೋಡಿಕೊಳ್ಳುತ್ತಾರೆ. ಅದು ಅಂದಿನ ಭರತ ಇಳಿತಗಳ ವೇಳೆ. ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುವುದರಿಂದ, ಬೆಳಿಗ್ಗೆ ಮರಳಾಗಿದ್ದ ಜಾಗ ಮಧ್ಯಾಹ್ನಕ್ಕೆ ನೀರಾಗಿರುತ್ತದೆ.

ನಮ್ಮ ಧರ್ಮಪುರಿಗೆ ಕಡಲಿಲ್ಲ. ಆದರೆ ಬೆಟ್ಟಗಳ ನಡುವೆ ಚಾಚಿಕೊಂಡ ನೀರು ಉಂಟು. ಹೊಗೇನಕಲ್ಲಿನಿಂದ ಕೆಳಕ್ಕೆ ಹರಿದ ಕಾವೇರಿಯು ಮೆಟ್ಟೂರಿನ ಅಣೆಕಟ್ಟಿಗೆ ಒರಗಿ ನಿಂತು ದೊಡ್ಡ ಜಲಾಶಯವಾಗಿದೆ. 1925ರಲ್ಲಿ ಕಟ್ಟಲು ತೊಡಗಿ 1934ರಲ್ಲಿ ಮುಗಿಸಿದ ಈ ಅಣೆಕಟ್ಟಿನ ನೀರಿಗೆ ಅಂದಿನ ಮದರಾಸು ಗವರ್ನರರ ಹೆಸರಿನಿಂದ ಸ್ಟ್ಯಾನ್ಲಿ ಜಲಾಶಯವೆಂದು ಹೆಸರಿಟ್ಟರು. ಪೂರ್ಣಮಟ್ಟ 120 ಅಡಿ. ಹಿಡಿಯುವ ನೀರು 93.47 ಟಿ.ಎಂ.ಸಿ. ತುಂಬಿದಾಗ ಇದರ ಹಿನ್ನೀರು ಹೊಗೇನಕಲ್ಲಿನ ಸಮೀಪದವರೆಗೂ ಹಬ್ಬುತ್ತದೆ. ಈ ದಡವೂ ಒಂದೇ ಕಡೆ ನಿಲ್ಲುವುದಿಲ್ಲ. ಸ್ಕಾಟ್‌ಲೆಂಡಿನಲ್ಲಿ ದಿನಕ್ಕೆರಡು ಸಲ ಆಗುವುದು ಇಲ್ಲಿ ವರ್ಷಕ್ಕೊಂದು ಸಲ ಆಗುತ್ತದೆ. ಅಲ್ಲಿ ಚಂದ್ರನ ಸೆಳೆತದಿಂದ, ಇಲ್ಲಿ ಕೊಡಗು ವಯನಾಡುಗಳ ಮಳೆಯಿಂದ.

ತಂಜಾವೂರು ಸೀಮೆಯ ಗದ್ದೆಗಳಿಗೆ ಜೂನ್ 12ರಂದು ಮೆಟ್ಟೂರಿನಿಂದ ನೀರು ಬಿಡುವುದು ವಾಡಿಕೆ; ಅಣೆಕಟ್ಟಿನಲ್ಲಿ ನೀರಿಲ್ಲದ ವರ್ಷ ಈ ದಿನ ಮುಂದಕ್ಕೆ ಹೋಗುತ್ತದೆ. ಮುಂಗಾರು ಚೆನ್ನಾಗಿದ್ದರೆ ಜುಲೈ ಆಗಸ್ಟಿನಲ್ಲಿ ಜಲಾಶಯ ತುಂಬುತ್ತದೆ, ಬೇಸಗೆಗೆ ಇಳಿಯುತ್ತದೆ. ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಒಂದು ವಿಚಿತ್ರ ನೋಟ. ಮುಳುಗಿದ್ದ ಜಲಕಂಠೇಶ್ವರ ದೇವಾಲಯದ ದೊಡ್ಡ ನಂದಿ ಮೊದಲು ಕೊಂಬು ತೋರಿ, ಆಮೇಲೆ ಬೆನ್ನು ತೋರಿ, ಕೊನೆಗೆ ಪೂರ್ತಿಯಾಗಿ ನೆಲದ ಮೇಲೆ ಕೂರುತ್ತದೆ. ಅಲ್ಲಿಯೇ ಒಂದು ಹಳೆಯ ಕ್ರೈಸ್ತ ದೇವಾಲಯದ ಗೋಪುರಗಳೂ ಮೇಲೇಳುತ್ತವೆ. ಅಣೆಕಟ್ಟಿಗಾಗಿ ಊರು ಬಿಟ್ಟು ಹೋದವರ ಬಾಳಿನ ಗುರುತುಗಳಿವು. ಹೊಲಗಳಿಗೆ ನೀರು ಬೇಕೆಂದು ಬೇರೆ ಯಾರದೋ ಹೊಲ ಮುಳುಗಿತೆಂಬುದನ್ನು ಮಕ್ಕಳಿಗೆ ಪಾಠ ಮಾಡಿ ಹೇಳಬೇಕಾಗಿಲ್ಲ, ನಂದಿಯ ಮುಂದೆ ನಿಲ್ಲಿಸಿದರೆ ಸಾಕು. ನಮ್ಮ ಜಿಲ್ಲೆಯ ನಾಗಮರೆಯಿಂದ ಪಣ್ಣವಾಡಿಗೆ ನೀರಿನ ಮೇಲೆ ದೋಣಿಯಲ್ಲಿ ದಾಟುವ ರೂಢಿಯೂ ಇದೆ.

ಹೀಗೆ ತೆರೆದುಕೊಂಡ ನೆಲದ ಮೇಲೆ ನಡೆಯುವಾಗ ಒಂದು ಎಚ್ಚರಿಕೆ ಬೇಕು. ಮೇಲೆ ಒಣಗಿ ಬಿರುಕು ಬಿಟ್ಟಿರುವ ಮಣ್ಣು ಒಳಗೆ ಕೆಸರಾಗಿರುತ್ತದೆ. ಎಂಬತ್ತಕ್ಕೂ ಹೆಚ್ಚು ವರ್ಷ ಕಾವೇರಿ ಹೊತ್ತು ತಂದ ಹೂಳು ಅದು; 2017ರಲ್ಲಿ, ಅಣೆಕಟ್ಟು ಕಟ್ಟಿದಂದಿನಿಂದ ಮೊದಲ ಬಾರಿಗೆ, ಸರಕಾರ ಹೂಳೆತ್ತಿಸಿ ರೈತರಿಗೆ ಹೊಲಕ್ಕೆ ಹಾಕಿಕೊಳ್ಳಲು ಕೊಟ್ಟಿತು. ದನಕರು ನಡೆದ ಜಾಡಿನಲ್ಲೇ ನಡೆಯಿರಿ. ನೀರಂಚಿಗೆ ಹತ್ತು ಮಾರು ದೂರವಿರಲಿ.

ಮೆಟ್ಟೂರಿನಲ್ಲಿ ವಯಸ್ಸಾದವರಿಗೂ ತೊಂದರೆಯಿಲ್ಲ. ಅಣೆಕಟ್ಟಿನ ಕೆಳಗೆ ಉದ್ಯಾನವಿದೆ, ನೆರಳಿದೆ, ಅಣೈಕಟ್ಟಿ ಮುನಿಯಪ್ಪನ ಗುಡಿಯಿದೆ. ಮೀನು ಹುರಿಯುವ ಅಂಗಡಿಗಳ ವಾಸನೆ ದೂರದಿಂದಲೇ ಬರುತ್ತದೆ. ತಿನ್ನದವರು ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಆಡಿ ಹದಿನೆಂಟರ ದಿನ ಮಾತ್ರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕ ಮಕ್ಕಳಿರುವವರು ಆ ದಿನವನ್ನು ಬಿಟ್ಟುಬಿಡಲಿ.

ಹೊಗೇನಕಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಧರ್ಮಪುರಿಯಿಂದ 46 ಕಿಲೋಮೀಟರ್. ಪೆನ್ನಾಗರ ದಾಟಿದ ಮೇಲೆ ಘಾಟಿಯ ಇಳಿಜಾರು. ಹೆಸರು ಅಚ್ಚಗನ್ನಡದ್ದು. ಬೀಳುವ ನೀರಿನ ತುಂತುರು ಹೊಗೆಯಂತೆ ಏಳುವುದರಿಂದ ಅದು ಹೊಗೆಯ ಕಲ್ಲು. ಹೊಳೆಯ ಆಚೆ ದಡ ಕರ್ನಾಟಕ. ತೂಗುಸೇತುವೆ, ನೋಟದ ಗೋಪುರ, ಮೊಸಳೆಗಳನ್ನು ಸಾಕುವ ತಾಣ, ಇವನ್ನೆಲ್ಲ ಅವಸರವಿಲ್ಲದೆ ನಡೆದೇ ನೋಡಬಹುದು. ಘಾಟಿಯ ಕಾಡಿನಲ್ಲಿ ಆನೆಗಳಿವೆ. ಈ ಭಾಗದ ಕಾಡುಗಳನ್ನು 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಕ್ಕೆ ಸೇರಿಸಿದ್ದಾರೆ. ಆದುದರಿಂದ ರಸ್ತೆ ಬಿಟ್ಟು ಕಾಡಿನ ದಾರಿ ಹಿಡಿಯಬಾರದು.

ಆನೆಗಿಂತಲೂ ಅಂಜಬೇಕಾದುದು ನೀರಿಗೆ. ಬಂಡೆಗಳ ಮೇಲಿನ ಪಾಚಿ, ಮಡುಗಳ ಸುಳಿ, ಇವುಗಳಿಗೆ ಸಿಕ್ಕಿ ಸತ್ತವರ ಸುದ್ದಿಯನ್ನು ಆಗಾಗ ಓದುತ್ತೇವೆ. ಅವರಲ್ಲಿ ನಿಮ್ಮ ವಯಸ್ಸಿನವರೇ ಹೆಚ್ಚೆಂದು ನನಗೆ ತೋರುತ್ತದೆ. ಈಜು ಬರುತ್ತದೆಂಬ ಧೈರ್ಯ ಬಾವಿಗೆ ಸಾಕು, ಹೊಳೆಗೆ ಸಾಲದು. ಹೊಗೇನಕಲ್ಲಿನಲ್ಲಿ ಮಳೆಯ ಒಂದು ಹನಿಯೂ ಇಲ್ಲದೆ, ಬಿಸಿಲು ಕಾಯುತ್ತಿರುವಾಗಲೇ ನೆರೆ ಬರುವುದುಂಟು. ಕೊಡಗಿನಲ್ಲಿ ಮಳೆ ಸುರಿದು ಕೃಷ್ಣರಾಜಸಾಗರ ತುಂಬುತ್ತದೆ, ವಯನಾಡಿನಲ್ಲಿ ಸುರಿದು ಕಬಿನಿ ತುಂಬುತ್ತದೆ. ಹೆಚ್ಚಿನ ನೀರನ್ನು ಬಿಟ್ಟರೆ ಅದು ಮರುದಿನವೋ ಅದರಾಚೆಯ ದಿನವೋ ಇಲ್ಲಿಗೆ ಬಂದು ಮುಟ್ಟುತ್ತದೆ. ಹಾಗಾಗಿ ನಮ್ಮ ತಲೆಯ ಮೇಲಿನ ಆಕಾಶ ನೋಡಿ ಹೊರಡುವುದು ವ್ಯರ್ಥ. ಬಿಳಿಗುಂಡ್ಲುವಿನ ಲೆಕ್ಕ ನೋಡಬೇಕು. ಹೊಗೇನಕಲ್ಲಿನ ಮೇಲ್ಗಡೆ, ಎರಡು ರಾಜ್ಯಗಳ ಗಡಿಯಲ್ಲಿರುವ ಈ ಊರಿನಲ್ಲಿ ಕೇಂದ್ರ ಜಲ ಆಯೋಗದವರು ಹೊಳೆಯ ನೀರನ್ನು ಅಳೆಯುತ್ತಾರೆ.

ಅಳತೆ ಕ್ಯುಸೆಕ್ಕಿನಲ್ಲಿ, ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ. ತಮಿಳು ಪತ್ರಿಕೆಗಳು ‘ವಿನಾಡಿಗೆ ಇಷ್ಟು ಕನ ಅಡಿ’ ಎಂದು ಬರೆಯುವುದು ಇದನ್ನೇ. ವಿನಾಡಿ ಎಂದರೆ ಸೆಕೆಂಡು. ಘನ ಅಡಿಗೆ ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯುಸೆಕ್ ಹರಿಯುತ್ತಿದೆಯೆಂದರೆ, ನೀವು ‘ಒಂದು’ ಎಂದು ಎಣಿಸುವಷ್ಟರಲ್ಲಿ ಇಪ್ಪತ್ತೆಂಟು ಲಕ್ಷ ಲೀಟರ್ ನಿಮ್ಮ ಮುಂದೆ ಹಾದುಹೋಗಿರುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ಈ ಹರಿವಿನಲ್ಲಿ ಬರಿದಾದ ಮೆಟ್ಟೂರು ತುಂಬಲು ಎಷ್ಟು ದಿನ? ಲೆಕ್ಕ ಮಾಡಿ ನೋಡಿ, ಹನ್ನೊಂದು ದಿನವೂ ಬೇಡ. 2018ರ ಜುಲೈನಲ್ಲಿ ಇಂತಹುದೇ ನೆರೆಯಲ್ಲಿ ಮೆಟ್ಟೂರು ಐದು ವರ್ಷಗಳ ಮೇಲೆ 120 ಅಡಿ ಮುಟ್ಟಿತು. ಆಗ ಹೊಗೇನಕಲ್ಲಿನಲ್ಲಿ ಸ್ನಾನವನ್ನೂ ಪರಿಸಲನ್ನೂ (ಕನ್ನಡದಲ್ಲಿ ಹರಿಗೋಲು) ಜಿಲ್ಲಾಡಳಿತ ನಿಷೇಧಿಸಿತ್ತು. ನಿಷೇಧದ ದಿನ ‘ಸ್ವಲ್ಪ ದೂರ ಹೋಗಿ ಬರೋಣ’ ಎನ್ನುವ ಅಣ್ಣಂದಿರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಈ ಲೆಕ್ಕವನ್ನು ತೋರಿಸಿ.

ನಡಿಗೆಗೆ ಒಳ್ಳೆಯ ಕಾಲವೆಂದರೆ ಮಳೆಗಾಲ ಕಳೆದು ನೆರೆ ಇಳಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿವರೆಗೆ. ನೀರು ತಿಳಿಯಾಗಿರುತ್ತದೆ, ಬಿಸಿಲು ಹಗುರ. ಹೊತ್ತು ಏರುವ ಮೊದಲು ನಡೆಯಲು ತೊಡಗಿ, ಹನ್ನೊಂದು ಗಂಟೆಗೆ ನೆರಳು ಸೇರಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು, ಅಜ್ಜಿಯೋ ಮಗುವೋ, ಮುಂದಿರಲಿ. ಉಳಿದವರು ಅವರ ಹಿಂದೆ. ಚಪ್ಪಲಿಗಿಂತ ಪಟ್ಟಿಯಿರುವ ಪಾದರಕ್ಷೆ ವಾಸಿ. ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಂಡು ಹೋಗಿ. ಅಂದ ಹಾಗೆ, ಆ ನೀರೂ ಕಾವೇರಿಯದೇ ಆಗಿರಬಹುದು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟುತ್ತಿದ್ದುದರಿಂದ, ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯನ್ನು ಕಟ್ಟಿ 2013ರಲ್ಲಿ ಆರಂಭಿಸಿದರು. ಧರ್ಮಪುರಿ ಕೃಷ್ಣಗಿರಿ ಜಿಲ್ಲೆಗಳ ಊರೂರಿಗೆ ಅಲ್ಲಿಂದ ಕೊಳವೆಗಳು ಹೋಗಿವೆ. ದಡದಲ್ಲಿ ಬುತ್ತಿ ತಿಂದ ಎಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಹೊಳೆಗೆ ಎಸೆಯುವ ಮುನ್ನ ಮನೆಯ ನಲ್ಲಿ ನೆನಪಿಗೆ ಬರಲಿ.