ರೇಷ್ಮೆ ಹುಳುವಿನ ಕರುಳಲ್ಲಿ ಸಿಕ್ಕ ಎಳೆಯ ತುದಿ

ರೇಷ್ಮೆ ಸಾಕುವ ಓದುಗರೊಬ್ಬರು ಶಿಡ್ಲಘಟ್ಟದ ಕಡೆಯಿಂದ ಕೇಳಿದ್ದಾರೆ: "ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೂ ಕೆಲವು ಹುಳುಗಳು ಸೊಪ್ಪು ಸರಿಯಾಗಿ ತಿನ್ನದೆ ಸಣ್ಣಗೇ ಉಳಿಯುತ್ತವೆ. ಸೀಳಿ ನೋಡಿದರೆ ಹಸಿರಾಗಿರಬೇಕಾದ ಕರುಳು ಹಾಲಿನಂತೆ ಬೆಳ್ಳಗಿರುತ್ತದೆ. ಏನದು?"

ಅದು ಸೈಪೋವೈರಸ್ ಸೋಂಕು ಇರಬಹುದು. ಕರುಳಿನ ಜೀವಕೋಶಗಳಲ್ಲಿ ಕಿಕ್ಕಿರಿದ ಪ್ರೋಟೀನ್ ಹರಳುಗಳೇ ಆ ಬಿಳುಪು. ಹರಳಿನೊಳಗೆ ವೈರಸ್ ಕಣಗಳು ಹುದುಗಿರುತ್ತವೆ. ಇದಕ್ಕೆ ಔಷಧಿಯಿಲ್ಲ. ರೋಗದ ಹುಳು ಆರಿಸಿ ತೆಗೆಯುವುದು, ಮನೆ ಮತ್ತು ತಟ್ಟೆಗಳನ್ನು ಸೋಂಕು ತೊಳೆದು ಶುದ್ಧಮಾಡುವುದು, ಇಷ್ಟೇ ದಾರಿ. ಆದರೆ ಈ ಬಿಳಿ ಕರುಳಿಗೆ ಇನ್ನೊಂದು ಕತೆಯಿದೆ.

ಮೊಟ್ಟೆಯಿಂದ ಹೊರಬಂದ ಹುಳು ನಾಲ್ಕು ವಾರದೊಳಗೆ ಸುಮಾರು 10,000 ಪಟ್ಟು ತೂಗುತ್ತದೆ. ಅಷ್ಟು ಸೊಪ್ಪು ಅರಗಬೇಕಾದರೆ ಕರುಳಿನ ಕೋಶಗಳು ಜೀರ್ಣಕಿಣ್ವಗಳಿಗಾಗಿ ಒಂದೇ ಸಮನೆ ಆರ್‌ಎನ್‌ಎ ತಯಾರಿಸುತ್ತಿರಬೇಕು. ಪ್ರತಿ ಜ್ವರದಲ್ಲೂ ಹೊಸ ಕೋಶಗಳು ಬಂದು ಸೇರಿಕೊಳ್ಳುತ್ತವೆ. ವೈರಸ್ ಬಂದು ಕೂರುವುದು ಇಂಥ ಬಿಡುವಿಲ್ಲದ ಕಾರ್ಖಾನೆಯಲ್ಲಿ. ಹುಳುವಿನ ಜೀರ್ಣರಸ ಕಟುವಾದ ಕ್ಷಾರ. ಹರಳು ಅದರಲ್ಲಿ ಕರಗಿ ಕಣಗಳು ಬಿಡುಗಡೆಯಾಗುತ್ತವೆ.

ಕಣದ ಕವಚದೊಳಗೆ 10 ಜೋಡಿಯೆಳೆ ಆರ್‌ಎನ್‌ಎ ತುಂಡುಗಳು, ಅವುಗಳಿಂದ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಕೆಯ ಸಂದೇಶ ಹೊತ್ತ ಎಳೆ) ತೆಗೆಯಲು ಸ್ವಂತ ಕಿಣ್ವ. ಕಣಗಳನ್ನು ಕರುಳಿನಿಂದ ಬೇರ್ಪಡಿಸಿ ಪ್ರನಾಳದಲ್ಲಿ ಇಟ್ಟರೂ ಕೆಲಸ ನಡೆಯುತ್ತದೆ! ಆದರೆ ಬಹಳ ಮಂದವಾಗಿ. ಜಪಾನಿನ ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯಲ್ಲಿ ಕಿನ್-ಇಚಿರೊ ಮಿಯುರಾ ಅವರ ಜೊತೆಗಿದ್ದ ಯಾಸುಹಿರೊ ಫುರುಇಚಿ, ಮೀಥೈಲ್ ಗುಂಪು ದಾನಮಾಡುವ ಎಸ್-ಅಡಿನೋಸಿಲ್ ಮೆಥಿಯೊನಿನ್ ಎಂಬ ವಸ್ತುವನ್ನು ಸೇರಿಸಿ ನೋಡಿದರು. ಆರ್‌ಎನ್‌ಎ ತಯಾರಿ ಒಮ್ಮೆಲೇ ಹಲವು ಪಟ್ಟು ಏರಿತು. ಇದು 1974ರ ಮಾತು. ಆ ಮೀಥೈಲ್ ಎಲ್ಲಿ ಹೋಗಿ ಕೂರುತ್ತದೆ ಎಂದು ಹುಡುಕಿದಾಗ ಎಳೆಯ ತುದಿಯಲ್ಲೊಂದು ವಿಚಿತ್ರ ಕಂಡಿತು: ಆರ್‌ಎನ್‌ಎ ಅಕ್ಷರಗಳಲ್ಲೊಂದಾದ ಜಿ ತಿರುಗುಮುರುಗಾಗಿ, ಮೂರು ಫಾಸ್ಫೇಟುಗಳ ಸೇತುವೆಯ ಮೇಲೆ, ಟೊಪ್ಪಿಗೆಯಂತೆ ಕೂತಿತ್ತು. 1975ರಲ್ಲಿ ವರದಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ಆರನ್ ಶಾಟ್ಕಿನ್ ಅವರ ಪ್ರಯೋಗಾಲಯ ಸೇರಿದ್ದ ಫುರುಇಚಿ ಇನ್ನೊಂದು ವೈರಸ್ಸಿನಲ್ಲೂ ಅದನ್ನು ಕಂಡರು. ಆಮೇಲೆ ಮನುಷ್ಯರ ಕೋಶಗಳಲ್ಲೂ ಕಂಡಿತು.

ಟೊಪ್ಪಿಗೆಯ ಕೆಲಸ ರೇಷ್ಮೆ ಬಿಚ್ಚುವವರಿಗೆ ಬೇಗ ಅರ್ಥವಾದೀತು. ಬೆಂದ ಗೂಡು ಬಿಸಿನೀರಿನಲ್ಲಿ ತೇಲುತ್ತಿರುತ್ತದೆ, ಮೇಲೆಲ್ಲ ಜಾಳು ಜಾಳಾದ ಎಳೆ. ಅದನ್ನು ಸರಿಸಿ ಸರಿಯಾದ ತುದಿ ಹಿಡಿದರೆ ನೂರಾರು ಮೀಟರ್ ನೂಲು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ತುದಿ ಸಿಗದಿದ್ದರೆ ಎಷ್ಟು ಚೆಂದದ ಗೂಡಾದರೂ ರೇಷ್ಮೆ ತ್ಯಾಜ್ಯವಾದ ಜೂಟಿಗೇ ಸೇರಬೇಕು. ಕೋಶದಲ್ಲಿ ತುದಿ ಹುಡುಕುವ ಕೈ ಒಂದು ಪ್ರೋಟೀನಿನದು. ಅದು ಟೊಪ್ಪಿಗೆಯನ್ನು ಹಿಡಿದು, ಎಳೆಯನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮನ್ನು ಕರೆತರುತ್ತದೆ, ಓದು ಶುರುವಾಗುತ್ತದೆ. ಹೋಲಿಕೆ ಮುಗಿಯುವುದು ಇಲ್ಲಿ. ಗೂಡಿನ ತುದಿಯನ್ನು ಯಾರೂ ಮೇಯುವುದಿಲ್ಲ. ಕೋಶದಲ್ಲಾದರೆ ಬರಿದಾದ ತುದಿಯಿಂದ ಎಳೆಯನ್ನು ಕಡಿಯುತ್ತ ಬರುವ ಕಿಣ್ವಗಳಿವೆ. ತಿರುವಿ ಕೂರಿಸಿದ ಜಿ ಅವುಗಳ ಬಾಯಿಗೆ ಸಿಗುವುದಿಲ್ಲ.

ಇಂಥದೇ ಟೊಪ್ಪಿಗೆ ಹೊತ್ತ ಕೋವಿಡ್ ಎಂಆರ್‌ಎನ್‌ಎ ಲಸಿಕೆ ಒಂದೇ ವರ್ಷದಲ್ಲಿ ಹುಟ್ಟಿದ ಪವಾಡವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಲಸಿಕೆಗೆ ದಾರಿಮಾಡಿಕೊಟ್ಟ ವಿಜ್ಞಾನಿಗಳಾದ ಕರಿಕೊ ಮತ್ತು ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂದದ್ದು ನ್ಯಾಯವೇ. ಆದರೂ ಆ ದಿನಗಳ ಸಂಭ್ರಮದಲ್ಲಿ ಮಿಶಿಮಾದ ಹುಳುಗಳನ್ನು ಯಾರಾದರೂ ನೆನೆಯಬೇಕಿತ್ತು. ಹುಳುವಿನ ವೈರಸ್ಸಿನ ಎಂಆರ್‌ಎನ್‌ಎ ಶುರುವಾಗುವುದು ಹೀಗೆ: ಟೊಪ್ಪಿಗೆಯ ಜಿ, ಮೂರು ಫಾಸ್ಫೇಟ್, ಮೀಥೈಲ್ ಹೊತ್ತ ಎ, ಆಮೇಲೆ ಜಿ. ಫೈಜರ್ ಲಸಿಕೆಯ ಎಳೆಯ ತುದಿಯಲ್ಲೂ ಇದೇ ಕ್ರಮ; ಟೊಪ್ಪಿಗೆಯ ಮೇಲೆ ಒಂದು ಮೀಥೈಲ್ ಹೆಚ್ಚು, ಅಷ್ಟೇ.